ತಾತನ ಕಾಲಿಗೆ ಗೊತ್ತಿರುವ ದಾರಿ

"ಠಣ್!"

ಸದ್ದಿನ ಹಿಂದೆಯೇ ತಾತನ ದನಿ ಕೇಳಿಸಿತು. "ಯಾರಪ್ಪಾ ಅದು, ನನ್ನ ದಾರೀಲಿ ಅಡ್ಡ ನಿಂತಿರೋದು?"

ಚಿನಕುರಳಿ ಓಡಿ ಬಂದಳು. ಅಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆಯಷ್ಟೇ ಬಂದ ಗಾಜಿನ ಟೀಪಾಯಿ ಇತ್ತು. ತಾತ ಬಗ್ಗಿ ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು.

"ಹೊಸ ಟೀಪಾಯಿ, ತಾತ!"

"ಓಹೋ, ಹೊಸಬರಾ? ಅದಕ್ಕೇ ಗುರುತು ಸಿಗ್ಲಿಲ್ಲ," ಎಂದು ತಾತ ನಕ್ಕರು.

ತಾತನಿಗೆ ಕಣ್ಣು ಕಾಣದೆ ಆರು ವರ್ಷವಾಗಿತ್ತು. ಆದರೆ ಮನೆಯಲ್ಲಿ ಅವರು ಯಾರ ಕೈಯನ್ನೂ ಹಿಡಿದವರಲ್ಲ. ಗೋಡೆ ಸವರುತ್ತ ಹೋಗಿ, ಮರದ ದೊಡ್ಡ ಪೆಟ್ಟಿಗೆ ಸಿಕ್ಕಿದಲ್ಲಿ ಬಲಕ್ಕೆ ತಿರುಗಿದರೆ ಜಗುಲಿ. ಅಲ್ಲಿ ಕೂತು ದಾರಿಹೋಕರನ್ನೆಲ್ಲ ಮಾತಾಡಿಸುತ್ತಿದ್ದರು.

ಈಗ ಮನೆ ಗೆಸ್ಟ್‌ಹೌಸ್ ಆಗುತ್ತಿತ್ತು. ಹಳ್ಳಿಯ ಹಿಂದಿನ ಗುಡ್ಡ ಹತ್ತಲು ಪೇಟೆಯ ಜನ ಬರುತ್ತಿದ್ದರು, ಅವರಿಗೆ ಉಳಿಯಲು ಜಾಗವಿರಲಿಲ್ಲ. ಅಮ್ಮ ಎರಡು ಕೋಣೆ ಖಾಲಿ ಮಾಡಿಸಿ, ಡಿಸೈನರ್ ಆಂಟಿಯನ್ನು ಕರೆಸಿದ್ದಳು.

"ಮಣ್ಣಿನ ಗೋಡೆ, ಮರದ ಕಂಬ ಹಾಗೇ ಇರ್ಲಿ. ಲೈಟು, ಸೋಫಾ ಹೊಸದು ಹಾಕೋಣ," ಎಂದಿದ್ದರು ಆಂಟಿ. ಅವರ ಅಳತೆಯ ಟೇಪಿನ ಇನ್ನೊಂದು ತುದಿ ಸದಾ ಚಿನಕುರಳಿಯ ಕೈಯಲ್ಲೇ. "ನಾನೇ ಅಸಿಸ್ಟೆಂಟು!" ಎಂದು ಅವಳು ಕ್ಲಾಸಿನಲ್ಲೆಲ್ಲ ಡಂಗುರ ಸಾರಿದ್ದಳು.

ಮರುದಿನ ತಾತ ಜಗುಲಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಯಾಕೆ ತಾತ?"

"ಇಲ್ಲೇ ಗಾಳಿ ಚೆನ್ನಾಗಿದೆ ಕಣೇ."

ಚಿನಕುರಳಿ ತಾತನ ಕೋಣೆಯ ಕಿಟಕಿ ನೋಡಿದಳು. ಅದು ಮುಚ್ಚಿತ್ತು.

"ಬಾ, ನಾನು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

ತಾತ ಎದ್ದು ಬಂದರು. ಆದರೆ ದಾರಿಯುದ್ದಕ್ಕೂ ಅವರ ಬೆರಳುಗಳು ಬಿಗಿಯಾಗಿದ್ದವು. ಜಗುಲಿಯಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದರು, "ನೀನು ಸ್ಕೂಲಿಂದ ಬರೋದು ಎಷ್ಟು ಹೊತ್ತಿಗೆ?"

"ನಾಲ್ಕು ಗಂಟೆಗೆ."

"ಹೂಂ... ನಾಲ್ಕಾ."

ಆ 'ಹೂಂ' ಚಿನಕುರಳಿಯ ಮನಸ್ಸಿನಿಂದ ಹೋಗಲೇ ಇಲ್ಲ. ಸಂಜೆ ಅವಳು ಸ್ಕೂಲಿನ ಟೈಯನ್ನು ಕಣ್ಣಿಗೆ ಕಟ್ಟಿಕೊಂಡು, ತಾತನ ಕೋಣೆಯ ಬಾಗಿಲಿಂದ ಗೋಡೆ ಸವರುತ್ತ ಹೊರಟಳು. ಪೆಟ್ಟಿಗೆ ಸಿಗಬೇಕಾದ ಕಡೆ ಮೆತ್ತಗೆ ಏನೋ ಸಿಕ್ಕಿತು. ಸೋಫಾ. ಅದನ್ನು ಬಳಸಿ ಎರಡು ಹೆಜ್ಜೆ ಇಟ್ಟಳು. ಗೋಡೆ ತಪ್ಪಿತು. ಕೈ ಚಾಚಿದಳು, ಏನೂ ಇಲ್ಲ. ತಾನು ಯಾವ ಕಡೆ ತಿರುಗಿದ್ದೇನೆ ಎಂಬುದೇ ತಿಳಿಯಲಿಲ್ಲ. ಕಣ್ಣಿನಿಂದ ಟೈ ಕಿತ್ತಳು.

ಆಂಟಿ ಲೈಟಿನ ವೈರು ನೋಡುತ್ತಿದ್ದರು. ಚಿನಕುರಳಿ ಅವರ ಮುಂದೆ ಹೋಗಿ ನಿಂತಳು.

"ಆಂಟಿ, ಪೆಟ್ಟಿಗೆ ಚೆನ್ನಾಗಿಲ್ಲ, ತೆಗೆಸಿ ಅಂತ ಹೇಳಿದ್ದು ನಾನೇ ಅಲ್ವಾ?"

"ಹೌದು. ಯಾಕೆ?"

ಚಿನಕುರಳಿ ಟೈಯನ್ನು ಅವರ ಕೈಗೆ ಕೊಟ್ಟಳು. "ಕಣ್ಣು ಕಟ್ಕೊಂಡು ಜಗುಲಿಗೆ ಹೋಗಿ ನೋಡಿ."

ಆಂಟಿ ನಗುತ್ತಲೇ ಹೊರಟರು. ಸೋಫಾ ದಾಟಿದ ಮೇಲೆ ನಗು ನಿಂತಿತು. ಆಮೇಲೆ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಇಬ್ಬರೂ ತಾತನ ಕೋಣೆಗೆ ಹೋದರು. "ತಾತ, ಇಡೀ ಮನೆ ಅಳೆದೆ. ನಿಮ್ಮನ್ನ ಮಾತ್ರ ಒಂದು ಮಾತೂ ಕೇಳ್ಲಿಲ್ಲ," ಎಂದರು ಆಂಟಿ. "ಪೆಟ್ಟಿಗೆ ವಾಪಸ್ ಇಡಿಸ್ತೀನಿ."

ತಾತ ತಲೆ ಅಲ್ಲಾಡಿಸಿದರು. "ಬೇಡಮ್ಮಾ. ಬಂದವರು ಕೂರೋದು ಬೇಡ್ವೆ? ನಂಗೆ ಒಂದಷ್ಟು ಚಾಪೆ ಹುಲ್ಲು ತರಿಸಿಕೊಡಿ."

ಕಣ್ಣು ಹೋಗುವವರೆಗೂ ತಾತ ಚಾಪೆ ಹೆಣೆಯುತ್ತಿದ್ದವರು. ಬೆರಳುಗಳು ಆ ಕೆಲಸವನ್ನು ಮರೆತಿರಲಿಲ್ಲ. ಚಿನಕುರಳಿ ಒಂದೊಂದೇ ಎಳೆ ನೀರಿನಲ್ಲಿ ಅದ್ದಿ ಕೊಟ್ಟಳು. ಹತ್ತು ದಿನದಲ್ಲಿ ಕೋಣೆಯಿಂದ ಜಗುಲಿಯವರೆಗೂ ಸಾಲುವಷ್ಟು ಉದ್ದದ, ಕಿರಿದಾದ ಚಾಪೆ ಸಿದ್ಧವಾಯಿತು. ಅದು ಉದ್ದಕ್ಕೂ ನೇರ ಹೆಣಿಗೆ, ತಿರುಗುವ ಜಾಗದಲ್ಲಿ ಮಾತ್ರ ಓರೆ ಹೆಣಿಗೆ.

ಆಂಟಿ ಗಾಜಿನ ಟೀಪಾಯಿಯನ್ನು ದಾರಿಯಿಂದ ಸರಿಸಿ, ಚಾಪೆ ಜಾರದಂತೆ ನೆಲಕ್ಕೆ ಅಂಟಿಸಿದರು. ಪಕ್ಕದ ಗೋಡೆಯಲ್ಲಿ, ಕಾಲಿನ ಮಟ್ಟಕ್ಕೆ ಪುಟ್ಟ ಪುಟ್ಟ ಲೈಟು ಹಾಕಿಸಿದರು. ಬೆಳಕು ಹುಲ್ಲಿನ ಮೇಲೆ ಬಿದ್ದು ಹೊನ್ನಿನಂತೆ ಹೊಳೆಯಿತು. "ಇದೇ ನೋಡಿ, ಇಡೀ ಮನೇಲಿ ಚೆಂದ ಇರೋದು," ಎಂದಳು ಅಮ್ಮ.

ಭಾನುವಾರ ಬೆಳಿಗ್ಗೆ ತಾತ ಬರಿಗಾಲಲ್ಲಿ ಚಾಪೆಯ ಮೇಲೆ ನಿಂತರು. ಹೆಜ್ಜೆ ಇಟ್ಟರು. ಇನ್ನೊಂದು, ಮತ್ತೊಂದು. ಸೋಫಾ ದಾಟಿದರು. ಅಲ್ಲಿ ನಿಂತುಬಿಟ್ಟರು.

ಚಿನಕುರಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಕೈ ಚಾಚಿದಳು.

ತಾತನ ಹೆಬ್ಬೆರಳು ಓರೆ ಹೆಣಿಗೆಯನ್ನು ಮೆಲ್ಲಗೆ ಸವರಿತು. ಅವರ ಮುಖದಲ್ಲಿ ನಗು ಅರಳಿತು.

ಚಿನಕುರಳಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಸದ್ದಾಗದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

ತಾತ ಬಲಕ್ಕೆ ತಿರುಗಿದರು.