ಬೀಗದೊಳಗೆ ಉಳಿದ ಕಡ್ಡಿ

ಟಕ್ ಎಂದಿತು. ಅರ್ಧ ಕಡ್ಡಿ ಚೂಟಿಯ ಕೈಯಲ್ಲಿ ಉಳಿಯಿತು. ಇನ್ನರ್ಧ ಬೀಗದೊಳಗೆ.

ಅವಳು ಅಲುಗಾಡಿಸಿದಳು, ಊದಿದಳು, ಉಗುರು ತೂರಿಸಿದಳು. ಜಪ್ಪಯ್ಯ ಎಂದರೂ ಅದು ಹೊರಬರಲಿಲ್ಲ.

ಕ್ಲಾಸಿನ ಕಪಾಟಿನೊಳಗೆ ಸಹಪಾಠಿ ಸೋಡಾ ಮಾಡಿದ ತೂಗುಸೇತುವೆಯ ಮಾಡೆಲ್ ಇತ್ತು. ದಪ್ಪ ಕನ್ನಡಕದಿಂದಾಗಿ ಎಲ್ಲರೂ ಸೋಡಾ ಎಂದು ಕರೆಯುವ ಅವಳು ಚೂಟಿಯ ಪಕ್ಕದಲ್ಲೇ ಕೂರುವವಳು. ಎಕ್ಸಿಬಿಷನ್ನಿಗೆ ಕ್ಲಾಸಿನಿಂದ ಒಂದೇ ಮಾಡೆಲ್. ಮಿಸ್ ಆರಿಸಿದ್ದು ಸೋಡಾಳದ್ದನ್ನು, ಚೂಟಿಯದನ್ನಲ್ಲ. ಚೂಟಿಯ ಜೇಬಿನಲ್ಲಿ ಪುಟ್ಟ ಕತ್ತರಿ ಇತ್ತು. ಸೇತುವೆಯ ಒಂದು ದಾರ ಕತ್ತರಿಸಿದರೆ ಸಾಕಿತ್ತು.

ಹೊರಗೆ ಹೆಜ್ಜೆ ಸಪ್ಪಳ. ಅವಳು ಕಡ್ಡಿಯನ್ನು ಜೇಬಿಗೆ ತುರುಕಿ ಓಡಿದಳು.

ಒಂಬತ್ತಕ್ಕೆ ಸೋಡಾಳ ಕೀ ಬೀಗದೊಳಗೆ ಹೋಗಲಿಲ್ಲ. ಹತ್ತಕ್ಕೆ ಜಡ್ಜುಗಳು ಬರುವವರಿದ್ದರು. ಮಿಸ್ ಅಟೆಂಡರನ್ನು ಕರೆಸಿದರು. ಬೆಳಿಗ್ಗೆ ರೂಮುಗಳನ್ನು ತೆರೆಯುವವರು ಅವರೊಬ್ಬರೇ ಅಲ್ಲವೇ ಎಂದು ಕೇಳಿದರು. ತಾನು ಬೀಗ ಮುಟ್ಟಿಲ್ಲ ಎಂದು ಅವರು ಎರಡು ಸಲ ಹೇಳಿದರು. ಎರಡನೇ ಸಲ ದನಿ ಸಣ್ಣಗಾಗಿತ್ತು. ಬ್ಯಾಗ್ ಇಟ್ಟುಹೋಗುತ್ತೇನೆ ಎಂದು ಬೇಗ ಬಂದು ತನ್ನಿಂದ ಬಾಗಿಲು ತೆಗೆಸಿಕೊಂಡಿದ್ದ ಚೂಟಿಯ ಮೇಲೆ ಅಟೆಂಡರಿಗೆ ಅನುಮಾನವೇ ಬರಲಿಲ್ಲ.

ಬೀಗ ರಿಪೇರಿಯವರು ಬಂದಾಗ ಚೂಟಿ ಬೇರೆಯವರ ಹಿಂದೆ ಸರಿದಳು. ಬಂದದ್ದು ಅವಳ ಅಜ್ಜ. ಹೆಗಲಿನ ಚೀಲದ ಮೇಲೆ ‘ಬೀಗದ ಕುಶಲಕರ್ಮಿ’ ಎಂದು ಬರೆದಿತ್ತು.

ಅಜ್ಜ ದಿನಾ ಬೆಳಿಗ್ಗೆ ಬುದ್ಧನ ಮಾತುಗಳ ಪುಸ್ತಕ ಓದುತ್ತಿದ್ದ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಕುಶಲ ಕರ್ಮ, ಕೆಟ್ಟ ಮನಸ್ಸಿನಿಂದ ಮಾಡಿದ್ದು ಅಕುಶಲ ಕರ್ಮ ಎಂದೆಲ್ಲ ಅದರಲ್ಲಿತ್ತು. ಚೂಟಿ ಒಮ್ಮೆ ರೇಗಿಸಿದ್ದಳು: "ಕಳ್ಳನೂ ಬೀಗ ತೆಗೀತಾನೆ, ನೀನೂ ತೆಗೀತೀಯ. ಇಬ್ರೂ ಒಂದೇ ಅಲ್ವಾ ಅಜ್ಜ?"

"ಕೆಲಸ ಒಂದೇ ಮಗಾ. ಕೈಯನ್ನ ಕಳಿಸಿದ ಮನಸ್ಸು ಬೇರೆ."

ಅಜ್ಜ ಬೀಗಕ್ಕೆ ಎಣ್ಣೆ ಬಿಟ್ಟು, ಸಣ್ಣ ಚಿಮಟದಿಂದ ಕಡ್ಡಿಯ ತುಂಡನ್ನು ಎಳೆದು ಅಂಗೈ ಮೇಲಿಟ್ಟುಕೊಂಡ. ಹಳೇ ಕೊಡೆಯ ಕಡ್ಡಿ. ತುದಿಯನ್ನು ಅರದಿಂದ ಉಜ್ಜಿದ್ದು ಅವನೇ. ಅವನ ಕೈ ಒಂದು ಕ್ಷಣ ನಿಂತುಹೋಯಿತು.

ಯಾರ ಕೆಲಸ ಇದು ಎಂದು ಮಿಸ್ ಕೇಳಿದರು.

"ಕಡ್ಡಿ ನನ್ನ ಡಬ್ಬೀದೇ ಮಿಸ್. ಯಾಕೆ ಇಲ್ಲಿಗೆ ಬಂತು ಅಂತ ತಂದವ್ರೇ ಹೇಳ್ಬೇಕು."

ಅಜ್ಜ ಚೂಟಿಯ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಚೂಟಿ ಜೇಬಿನಿಂದ ಉಳಿದರ್ಧ ತೆಗೆದಳು. "ನಾನೇ ಮಿಸ್. ಅಟೆಂಡರ್ ಅಂಕಲ್ ಏನೂ ಮಾಡಿಲ್ಲ."

"ಸುಮ್ನೆ ನೋಡೋಕಾ?" ಎಂದಳು ಸೋಡಾ.

ಹೌದು ಎಂದರೆ ಮುಗಿಯುತ್ತಿತ್ತು. ಬೀಗ ತೆರೆದಿರಲಿಲ್ಲ, ದಾರ ತುಂಡಾಗಿರಲಿಲ್ಲ. ಚೂಟಿ ಅಜ್ಜನ ಅಂಗೈಯನ್ನೇ ನೋಡಿದಳು. ಆಮೇಲೆ ಕತ್ತರಿಯನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ದಾರ ಕತ್ತರಿಸೋಕೆ."

ಸೋಡಾ ಬೀಗಕ್ಕೆ ಕೀ ಹಾಕಿ ತಿರುಗಿಸಿದಳು. ಕಪಾಟು ತೆರೆದು ಒಂದೊಂದೇ ದಾರ ಮುಟ್ಟಿ ನೋಡಿದಳು. ಸೇತುವೆ ಎತ್ತಲು ಇನ್ನೊಬ್ಬರು ಬೇಕಿತ್ತು. ಚೂಟಿ ಕೈ ಚಾಚಿದಳು. ಸೋಡಾ ಅಟೆಂಡರನ್ನು ಕರೆದಳು.

ಸಂಜೆ ಅಜ್ಜನ ಚೀಲವನ್ನು ಚೂಟಿ ಹೊತ್ತಳು. ಅಜ್ಜ ಬೈಯಲಿಲ್ಲ. ಚೀಲದ ಅಕ್ಷರಗಳ ಮೇಲೆ ಅವಳ ಬೆರಳು ಓಡಿತು. ‘ಕುಶಲ’ ಎಂಬಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮುಂದೆ ಹೋಯಿತು.

"ಅಜ್ಜ, ನಾಳೆ ಬೇಗ ಹೋಗ್ಲಾ? ಅಟೆಂಡರ್ ಅಂಕಲ್ ಬಾಗಿಲು ತೆಗೆಯೋ ಹೊತ್ತಿಗೆ. ಅವ್ರಿಗೆ ಸಾರಿ ಹೇಳ್ಬೇಕು."

ಅಜ್ಜ ಅವಳನ್ನು ನೋಡಿದ.

"ಒಳಗೆ ಹೋಗಲ್ಲ," ಎಂದಳು ಚೂಟಿ. "ಹೊರಗೇ ನಿಂತಿರ್ತೀನಿ."