ಎರಡು ಜಾಲಿ ತುಂಡು

೧೯೩೮ರ ಮಾರ್ಚ್ ೭, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಚನ್ನಗಿರಿ ಠಾಣೆಗೆ ಬಂದ ಮಲ್ಲಿಕಾರ್ಜುನಪ್ಪ ಕೂರುವ ಮೊದಲೇ ದೂರಿನ ಕಾಗದವನ್ನು ಮೇಜಿನ ಮೇಲೆ ಕುಕ್ಕಿದ. ಎರಡು ಲಾರಿಗಳ ಒಡೆಯ. ಗಿರಣಿಗಳಿಗೆ ಯಂತ್ರ ಸಾಗಿಸುವ ಕಂತ್ರಾಟುದಾರ. ಜಗಳೂರಿನ ಶೇಂಗಾ ಗಿರಣಿಗೆಂದು ಶನಿವಾರ ಆಯಿಲ್ ಎಂಜಿನ್ ಹೇರಿಸಿ ನಿಲ್ಲಿಸಿದ್ದ ಲಾರಿ ಇಂದು ಹಿಂಭಾಗ ಕುಸಿದು ಕೂತಿದೆ, ‘ಸ್ಪ್ರಿಂಗಿಗೆ ಸೇರಿದ ಎರಡು ಸಾಮಾನು’ ಕಳುವಾಗಿವೆ ಎಂದು ಬರೆದಿತ್ತು.

“ಸಾಮಾನು ಅಂದ್ರೆ ಯಾವುದು, ಯಜಮಾನ್ರೆ?” ಸಬ್ ಇನ್ಸ್‌ಪೆಕ್ಟರ್ ಕಲ್ಲೇಶಪ್ಪ ಕೇಳಿದ.

“ಸ್ಪ್ರಿಂಗಿಂದು ರೀ. ಎಂಜಿನ್ ತಡ ಆತು ಅಂತ ಗಿರಣಿಯವರು ದಂಡ ಹಾಕ್ತಾರೆ, ಅವರಿಗೆ ತೋರ್ಸಾಕೆ ನಿಮ್ಮ ಕಾಗದ ಬೇಕು. ಕಳ್ಳನ್ನ ಹಿಡೀರಿ, ಅವನ ಕೈಯಾಗೇ ನೋಡುವಿರಂತೆ.”

ಅದಕ್ಕಿಂತ ಹೆಚ್ಚಿಗೆ ಅವನ ಬಾಯಿಂದ ಹೊರಡಲಿಲ್ಲ. ಕಲ್ಲೇಶಪ್ಪ ೩೭೯ನೇ ಕಲಮಿನಡಿ ಎಫ್‌ಐಆರ್ ದಾಖಲಿಸಿ, ಪ್ರತಿಯನ್ನು ಕೋರ್ಟಿಗೆ ಕಳಿಸಿ, ದಫೇದಾರ್ ಜುಂಜಪ್ಪನೊಂದಿಗೆ ಲಾರಿ ನಿಂತಿದ್ದ ವಠಾರಕ್ಕೆ ಹೋದ.

ಪಂಚನಾಮೆ ಶುರುವಾದದ್ದು ಒಂಬತ್ತೂ ಮುಕ್ಕಾಲಿಗೆ. ಒಂದೂವರೆ ಟನ್ ಹೊರುವ ಲಾರಿ. ಅದರ ಮೇಲೆ ಎಂಜಿನ್, ಅದರ ಪಕ್ಕಕ್ಕೆ ಎಂಜಿನ್ನಿನದೇ ಆಳೆತ್ತರದ ಎರಡು ಗಾಲಿಗಳು. ಲಾರಿಯ ಹಲಗೆ ಹಿಂದಿನ ಟೈರುಗಳ ಮೇಲೇ ಕೂತಿತ್ತು. ಜುಂಜಪ್ಪ ಪೇಟ ತೆಗೆದಿಟ್ಟು ಮುಂಭಾಗದಿಂದ ಅಡಿಗೆ ನುಸುಳಿದ. ಹೊರಗೆ ಬಂದಾಗ ಅವನ ಅಂಗೈಯಲ್ಲಿ ಒಂದು ಚಕ್ಕೆ ಇತ್ತು.

“ಜಾಲಿ ಮರದ್ದು, ಸ್ವಾಮಿ. ಸ್ಪ್ರಿಂಗಿನ ನೆತ್ತಿಗೂ ಮೇಲಿನ ಚಾಸಿ ಚೌಕಟ್ಟಿಗೂ ನಡುವೆ ಎರಡು ಕಡೆ ಮೊಳದುದ್ದ ಗ್ರೀಸ್ ಇಲ್ಲ, ಒಣಗೈತೆ. ಅಲ್ಲಿ ಮರ ಕೂತಿತ್ತು. ಬಗಲಿಗೆ ಜಾಕಿ ಊರಿದ ಗುರುತೂ ಐತೆ.”

ಮರದ ತುಂಡು ಕೊಟ್ಟರೆ ಎಷ್ಟು ಹೇರಿದರೂ ಸ್ಪ್ರಿಂಗು ಬಾಗುವುದಿಲ್ಲ. ನೋಡುವವರಿಗೆ ಲಾರಿ ಹಗುರ. ಆದರೆ ಗುಂಡಿಗೆ ಬಿದ್ದಾಗಿನ ಪೆಟ್ಟೆಲ್ಲ ನೇರ ಅಚ್ಚಿಗೆ. ಕಲ್ಲೇಶಪ್ಪನ ಲೇಖನಿ ನಿಂತಿತು. ಜನವರಿಯಲ್ಲಿ ತ್ಯಾವಣಿಗೆ ಹಳ್ಳದ ಇಳಿಜಾರಿನಲ್ಲಿ ಇದೇ ಲಾರಿಯ ಅಚ್ಚು ಮುರಿದು, ಮೇಲೆ ಹೇರಿದ್ದ ಕಬ್ಬಿನ ಗಾಣದ ಕೆಳಗೆ ಸಿಕ್ಕಿ ಹಮಾಲಿ ಚಿತ್ತಪ್ಪ ಸತ್ತಿದ್ದ. ಆ ತಾಲ್ಲೂಕಿನಲ್ಲಿ ಲಾರಿ ತೂಗುವ ಕಾಟಾ ಎಲ್ಲಿಯೂ ಇರಲಿಲ್ಲ. ಪೊಲೀಸರು ಬಗ್ಗಿ ಸ್ಪ್ರಿಂಗು ನೋಡಿಯೇ ಭಾರ ಹೇಳುತ್ತಿದ್ದರು. ಕಲ್ಲೇಶಪ್ಪನೂ ಅಂದು ಬಗ್ಗಿ ನೋಡಿ, ಗ್ರೀಸಿನ ಕಪ್ಪಿನಲ್ಲಿ ಮರ ಕಾಣದೆ, ‘ಭಾರ ಮಿತಿಯೊಳಗಿದೆ’ ಎಂದು ಬರೆದಿದ್ದ. ಅದರ ಮೇಲೆ ಡ್ರೈವರ್ ರಸೂಲ್ ಅಜಾಗರೂಕತೆಯ ಆರೋಪ ಹೊತ್ತು ಶಿವಮೊಗ್ಗ ಜೈಲಿನಲ್ಲಿದ್ದ. ಗುರುವಾರ ವಿಚಾರಣೆ.

ಕಾವಲುಗಾರನನ್ನು ಕರೆಸಿದರು. ನಿನ್ನೆ ಯಾರು ಬಂದಿದ್ದರು?

“ಕಳ್ಳರು ಯಾರೂ ಬಂದಿಲ್ಲ ರೀ. ನಬೀಸಾಬ್ರು ಬಂದಿದ್ರು, ಜಾಕಿ ತಗಂಡು. ರಿಪೇರಿ ಅಂದ್ರು. ಹಾಡುಹಗಲು. ನಾನೇ ಟೀ ಕೊಟ್ಟೆ.”

“ಒಳ್ಳೆ ಕಾವಲು ಕಣಪ್ಪ,” ಎಂದ ಜುಂಜಪ್ಪ.

ನಬೀಸಾಬ್ ಗಾಡಿ, ಲಾರಿ ರಿಪೇರಿ ಮಾಡುವ ಮುದುಕ. ರಸೂಲ್ ಅವನ ಅಳಿಯ. ಹನ್ನೊಂದೂ ಇಪ್ಪತ್ತಕ್ಕೆ ಅವರು ಹೋದಾಗ ಕುಲುಮೆ ಆರಿತ್ತು. ಒಗೆದ ಕೋಟು ತೊಟ್ಟು ಅವನು ಹಲಗೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಗ್ರೀಸು ಹೀರಿ ಕಪ್ಪಾದ ಎರಡು ತುಂಡುಗಳು.

“ಇವನ್ನ ತೆಗೆದದ್ದು ಯಾರು?”

“ನಾನು.”

“ಯಜಮಾನ್ರನ್ನ ಕೇಳಿದ್ರಾ?”

“ಇಲ್ಲ. ಕೇಳಿದ್ರೆ ಕಳ್ತನ ಹೆಂಗಾಗ್ತೈತೆ?”

ಕಲ್ಲೇಶಪ್ಪ ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿದ. ನಬೀಸಾಬನೇ ಮುಂದುವರಿಸಿದ. “ಎರಡು ಸಲ ಠಾಣೆಗೆ ಬಂದು ಹೇಳಿದೆ, ಸಾಹೇಬ್ರೆ, ಲಾರಿ ಅಡಿಗೆ ಮರ ಐತೆ ಅಂತ. ಅಳಿಯನ್ನ ಬಿಡಿಸಾಕೆ ಕತೆ ಕಟ್ತೀಯ ಅಂದ್ರಿ. ನಾನು ತಂದು ತೋರ್ಸಿದ್ರೆ ಅದು ಬರೀ ಕಟ್ಟಿಗೆ. ಯಜಮಾನ್ರೇ ಕಳುವಾತು ಅಂದು, ನೀವು ಹಿಡಿದ್ರೆ, ಸರ್ಕಾರಿ ಕಾಗದದಾಗೆ ಬರೀಬೇಕಾಗ್ತೈತೆ. ಬರೀರಿ.”

ಜಪ್ತಿ ಪಂಚನಾಮೆ ಬರೆದು ಮುಗಿಸುವ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಒಂದು ಗಂಟೆಗೆ ಮಲ್ಲಿಕಾರ್ಜುನಪ್ಪ ಠಾಣೆಗೆ ಓಡಿಬಂದ. ಯಃಕಶ್ಚಿತ್ ಎರಡು ಕಟ್ಟಿಗೆಗೆ ಕೇಸೇಕೆ, ಮುದುಕನನ್ನು ಮನೆಗೆ ಕಳಿಸಿ, ದೂರು ವಾಪಸು ಪಡೆಯುತ್ತೇನೆ ಎಂದು ನಗುತ್ತಲೇ ಹೇಳಿದ. ಕೈ ಮಾತ್ರ ದೂರಿನ ಕಾಗದದ ಕಡೆಗೇ ಚಾಚಿತ್ತು.

ಬೆಂಚಿನ ಮೇಲಿದ್ದ ನಬೀಸಾಬ್ ಎದ್ದು ನಿಂತ. “ನಾನು ಮನೀಗೆ ಹೋಗಂಗಿಲ್ಲ. ಕದ್ದೀನಿ. ಕೋಳ ಹಾಕ್ರಿ.”

ಜುಂಜಪ್ಪ ಸಾಹೇಬರ ಕಿವಿಯಲ್ಲಿ ಪಿಸುಗುಟ್ಟಿದ: ಈ ಪಂಚನಾಮೆ ಕೋರ್ಟಿಗೆ ಹೋದರೆ ಜನವರಿಯಲ್ಲಿ ನೀವು ಬರೆದದ್ದು ಸುಳ್ಳಾಗುತ್ತದೆ, ಮೇಲಿನವರು ಬಿಡುವುದಿಲ್ಲ. ಕಲ್ಲೇಶಪ್ಪ ದೂರಿನ ಕಾಗದವನ್ನು ಮಡಚಿ ಕಡತದೊಳಗೆ ಸೇರಿಸಿದ.

“ಎಫ್‌ಐಆರ್ ಆಗ್ಲೇ ಕೋರ್ಟ್ ಸೇರೈತೆ, ಯಜಮಾನ್ರೆ. ಇನ್ನು ಅಲ್ಲೇ ಮಾತಾಡ್ರಿ. ಲಾರಿ, ಅದರ ಮೇಲಿನ ಎಂಜಿನ್, ಎರಡೂ ಜಪ್ತಿ. ಹೊರಗಿಂದ ಕಾಟಾ ತರ್ಸಿ ತೂಕ ಆಗೋ ತನಕ ಅಲುಗಂಗಿಲ್ಲ.”

“ನಿಮ್ಮ ನೌಕರಿ ನೋಡ್ಕಳ್ರಿ,” ಎಂದ ಮಲ್ಲಿಕಾರ್ಜುನಪ್ಪ.

“ನೋಡ್ತಾ ಇದ್ದೀನಿ.”

ಒಂದೂ ನಲವತ್ತಕ್ಕೆ ದಸ್ತಗಿರಿ ದಾಖಲಾಯಿತು. ಹೇಳಿಕೆ ಬರೆಸುವಾಗ ನಬೀಸಾಬ್ ಒಂದು ಕಡೆ ಮಾತ್ರ ತಡವರಿಸಿದ. ಆ ತುಂಡುಗಳನ್ನು ಡಿಸೆಂಬರಿನಲ್ಲಿ ಯಜಮಾನನ ಮಾತಿಗೆ ಕೆತ್ತಿ ಕೂರಿಸಿದ್ದು ತನ್ನದೇ ಕೈ. ಬೇಡವೆಂದ ರಸೂಲನಿಗೆ, ಏನೂ ಆಗದು, ಓಡಿಸು ಎಂದದ್ದೂ ತಾನೇ. ಅದನ್ನೂ ಬರೆದುಕೊಳ್ಳಿ ಎಂದು ಕೇಳಿ, ಓದಿಸಿ, ಹೆಬ್ಬೆಟ್ಟು ಒತ್ತಿದ.