ಯೋಸ್ಟನ ಕೈಯ ಗಂಟು

ಉಪವಾಸದ ತಪಸ್ಸುಕಾಲದ ಮೂರನೆಯ ಭಾನುವಾರ ಪಾದ್ರಿಗಳು ಪೂಜಾಗ್ರಂಥ ತೆರೆದರೋ ಇಲ್ಲವೋ, ಅದರ ಹೊಲಿಗೆ ಬಿಟ್ಟು ಹಾಳೆಗಳು ಪೀಠದ ಮೆಟ್ಟಿಲ ಮೇಲೆ ಕೋಳಿಪುಕ್ಕದಂತೆ ಉದುರಿದವು. ಆ ಗ್ರಂಥ ಕಟ್ಟಿದವನು ಗೋಸನ್. ದೇವರು ಅದನ್ನು ಕ್ಷಮಿಸಿದ್ದಿರಬಹುದು, ಯೋಸ್ಟ್ ಕ್ಷಮಿಸಲಿಲ್ಲ. ಅವನೂ ಅದೇ ಲೂವೆನ್ ಊರಿನಲ್ಲಿ ಪುಸ್ತಕ ಕಟ್ಟುವವನೇ. ದೇವಾಲಯದ ಬಾಗಿಲಲ್ಲೇ ನಿಂತು ಕೂಗಿ ಹೇಳಿದ:

"ನಮ್ಮ ಗೋಸನ್ನನ ಹೊಲಿಗೆ ಅವನ ಉಪವಾಸ ಇದ್ದಂಗೆ ಕಣ್ರಪ್ಪಾ. ಬೆಳಿಗ್ಗೆ ಹಿಡೀತಾನೆ, ಮಧ್ಯಾಹ್ನಕ್ಕೆ ಬಿಚ್ಚಿಹೋಗುತ್ತೆ!"

ಅಂದಿನಿಂದ ಮೀನು ಮಾರುವ ಹೆಂಗಸರೂ ಬಿಡಲಿಲ್ಲ. "ಏನ್ ಗೋಸನ್ನಣ್ಣಾ, ಉಪವಾಸ ಬಿಚ್ಚಿತಾ?" ಗೋಸನ್ ಮಾಡುತ್ತಿದ್ದ ಮಠದ ಕೆಲಸವೆಲ್ಲ ಯೋಸ್ಟನ ಪಾಲಾಯಿತು. ಗೋಸನ್ ಎಲ್ಲರಿಗೂ ನಗುನಗುತ್ತಲೇ ತಲೆಯಾಡಿಸಿದ. ಆದರೆ ಜಪಮಾಲೆ ಎಣಿಸಲು ಕೂತರೆ ಪ್ರತಿ ಮಣಿಗೂ ಯೋಸ್ಟನ ಹೆಸರೇ ಬರುತ್ತಿತ್ತು.

ಆ ವಸಂತದಲ್ಲಿ ಚಕ್ರವರ್ತಿಯ ಆಜ್ಞೆಯನ್ನು ಪೇಟೆಯಲ್ಲಿ ಕಹಳೆ ಊದಿ ಓದಿದರು. ಧರ್ಮದ್ರೋಹಿ ಲೂಥರನ ಪುಸ್ತಕ ಯಾರ ಮನೆಯಲ್ಲಿ ಸಿಕ್ಕರೂ ಅವನಿಗೆ ಮರಣ. ಸುಳ್ಳು ದೂರು ಕೊಟ್ಟವನಿಗೂ ಅದೇ. ಮೊದಲ ಮಾತಿಗೆ ಗೋಸನ್ ಶಿಲುಬೆಯ ಗುರುತು ಹಾಕಿಕೊಂಡ. ಎರಡನೆಯದು ತನ್ನ ಬಳಿ ಸುಳಿಯದಂತೆ ನೋಡಿಕೊಳ್ಳಲು ಅವನಿಗೆ ತನ್ನ ಕೈಗಳಿದ್ದವು.

ಆಂಟ್ವರ್ಪಿನಿಂದ ಉಪ್ಪುಮೀನಿನ ಪೀಪಾಯಿಯಲ್ಲಿ ಗುಟ್ಟಾಗಿ ಬರುವ ಲೂಥರನ ಪುಸ್ತಕದ ಬಿಡಿಹಾಳೆಗಳನ್ನು ಸಂಪಾದಿಸಿದ. ಆದರೆ ಹೊಲಿಗೆಗೆ ಕೂರುವ ಮೊದಲೇ ದೂರು ಬರೆದ. ಅದರಲ್ಲಿ ಒಂದು ಮಾತೂ ಹೆಚ್ಚುಕಡಿಮೆ ಆಗಬಾರದು. ದೂರಿಗೆ ತಕ್ಕಂತೆ ಪುಸ್ತಕ ಆಮೇಲೆ ಹುಟ್ಟಬೇಕು. ಪರಮ ಪ್ರಸಾದದ ಹಬ್ಬದ ಮರುದಿನ ಯೋಸ್ಟನ ಅಂಗಡಿಯಲ್ಲಿ ಕಣ್ಣಾರೆ ಕಂಡೆ ಎಂದು ಬರೆದ. ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಕೊನೆಯ ಸಾಲಿನ ಮೇಲೆ ಮಸಿ ಚೆಲ್ಲಿತು. ಬೇಸರಿಸದೆ, ಹೊಸ ಹಾಳೆಯಲ್ಲಿ ಮತ್ತೆ ಅಂದವಾಗಿ ಬರೆದಿಟ್ಟ.

ಯೋಸ್ಟ್ ಎಡಚ. ಅವನು ಹಾಕಿದ ಗಂಟು ಎಡಕ್ಕೆ ತಿರುಗುವುದು ಕಸುಬಿನವರಿಗೆಲ್ಲ ಗೊತ್ತು. ಗೋಸನ್ ವಾರವಿಡೀ ಎಡಗೈಯಲ್ಲಿ ಗಂಟು ಹಾಕಿ ಬಿಚ್ಚಿದ. ಬೆರಳು ಪಳಗಿದ ಮೇಲೆ ಹಾಳೆ ಹೊಲಿದ, ಬೆನ್ನಿಗೆ ಕಾಗದದ ಪಟ್ಟಿ ಅಂಟಿಸಿದ, ಕರುವಿನ ತೊಗಲು ಹೊದಿಸಿದ, ಅಂಚಿಗೆ ಯೋಸ್ಟನ ಇಷ್ಟದ ಗುಲಾಬಿಬಳ್ಳಿ ಒತ್ತಿದ. ಮುಗಿದಾಗ ಸ್ವತಃ ಯೋಸ್ಟನೇ ತನ್ನದೆನ್ನುವಂತಿತ್ತು.

ಹಬ್ಬದ ದಿನ ಊರೆಲ್ಲ ಮೆರವಣಿಗೆಯಲ್ಲಿತ್ತು. ಯೋಸ್ಟ್ ಕಸುಬಿನವರ ಬಾವುಟ ಹಿಡಿದು ಮುಂದೆ ನಡೆದಿದ್ದ. ಗೋಸನ್ ಮಂಡಿನೋವೆಂದು ಹಿಂದುಳಿದು, ತೊಗಲು ನೆನೆಸುವ ಹಿತ್ತಲ ಬಾಗಿಲಿಂದ ಅವನ ಅಂಗಡಿ ಹೊಕ್ಕು, ಪುಸ್ತಕವನ್ನು ಮಠದ ಪುಸ್ತಕಗಳ ಅಡಿಯಲ್ಲಿಟ್ಟು, ಪಾದ್ರಿಗಳು ಹೊತ್ತ ಪರಮ ಪ್ರಸಾದ ಬೀದಿಗೆ ಬರುವಷ್ಟರಲ್ಲಿ ಹೊರಗೆ ಮೊಣಕಾಲೂರಿದ. ಮರುದಿನ ದೂರು ಕೊಟ್ಟ. ಸಂಜೆಯೊಳಗೆ ಯೋಸ್ಟನಿಗೆ ಸಂಕೋಲೆ ಬಿತ್ತು.

ವಿಚಾರಣೆಗೆ ಕೂತ ಗುರು ವಯಸ್ಸಾದವರು, ಸಾವಧಾನಿ. ಮೇಜಿನ ಮೇಲೆ ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ದೂರು.

"ಗಂಟು ನನ್ನ ಗಂಟಿನ ಥರಾನೇ ಇದೆ ಸ್ವಾಮಿ," ಎಂದ ಯೋಸ್ಟ್. "ಪುಸ್ತಕ ಮಾತ್ರ ನಂದಲ್ಲ. ತೊಗಲು ಬಿಚ್ಚಿಸಿ ನೋಡಿ. ನಾನು ಬೆನ್ನಿಗೆ ನಾರುಬಟ್ಟೆ ಹಾಕ್ತೀನಿ, ಕಾಗದ ಅಲ್ಲ."

"ಪ್ರಾಣಕ್ಕೆ ಬಂದಾಗ ಬಟ್ಟೆ ಹಾಕ್ತಾನಂತೆ!" ಗೋಸನ್ ನಕ್ಕ. "ಈ ಊರಲ್ಲಿ ರದ್ದಿಕಾಗದ ಅಂಟಿಸದೋರು ಯಾರಿದಾರೆ ಸ್ವಾಮಿ?"

"ಹಾಗಾದ್ರೆ ನೀನೇ ಬಿಚ್ಚಪ್ಪ. ನೀನೂ ಕಸುಬಿನೋನೇ ಅಲ್ವಾ," ಎಂದು ಗುರು ಚಾಕು ಕೊಟ್ಟರು.

ಕಾಗದ ಸಿಕ್ಕರೆ ಸಿಗಲಿ. ಕಾಗದಕ್ಕೆ ಯಾರ ಕೈಗುರುತು, ಎಂದುಕೊಂಡ ಗೋಸನ್. ಯೋಸ್ಟನ ಪಕ್ಕಕ್ಕೆ ಬಾಗಿ, "ನಿನ್ನ ಉಪವಾಸ ಬಿಚ್ತಿದೀನಿ ನೋಡೋ," ಎಂದು ಪಿಸುಗುಟ್ಟಿ, ಗೋಸನ್ ಚಾಕುವನ್ನು ಮೇಲಿಂದ ಕೆಳಕ್ಕೆ ನೇರ ಎಳೆದ.

ತೊಗಲು ಎದ್ದಿತು. ಪುಸ್ತಕ ಕಟ್ಟುವವನು ಕೆಟ್ಟ ಹಾಳೆಯನ್ನು ಎಂದೂ ಎಸೆಯುವುದಿಲ್ಲ. ಪಟ್ಟಿಪಟ್ಟಿಯಾಗಿ ಕತ್ತರಿಸಿ ಮಂಡಿಯ ಪಕ್ಕದ ಬುಟ್ಟಿಗೆ ಹಾಕುತ್ತಾನೆ, ಬೆನ್ನು ಅಂಟಿಸುವಾಗ ಅದೇ ಬುಟ್ಟಿಗೆ ಕೈ ಹಾಕುತ್ತಾನೆ. ಮೂವತ್ತು ವರ್ಷದಿಂದ ಈ ಎರಡು ಕೆಲಸಕ್ಕೆ ಗೋಸನ್ನನ ಕೈ ಅವನ ಮನಸ್ಸನ್ನು ಕೇಳಿದ್ದೇ ಇಲ್ಲ. ಬೆನ್ನಿಗಂಟಿದ್ದ ಪಟ್ಟಿಗಳ ಮೇಲೆ ಗುರು ಕಣ್ಣು ಕಿರಿದು ಮಾಡಿ ಒಂದೊಂದೇ ಪದ ಓದಿದರು: "ಗೋಸನ್ ಎಂಬ ನಾನು... ಹಬ್ಬದ ಮರುದಿನ... ಈ ಪುಸ್ತಕವನ್ನು ಯೋಸ್ಟನ ಅಂಗಡಿಯಲ್ಲಿ ಕಣ್ಣಾರೆ..." ಅಲ್ಲಿಂದಾಚೆ ಮಸಿ ಚೆಲ್ಲಿತ್ತು. ಉಳಿದದ್ದನ್ನು ಓದಲು ಅವರು ಮೇಜಿನ ಇನ್ನೊಂದು ಕಡೆಯಿಂದ ದೂರನ್ನು ಎತ್ತಿಕೊಂಡರು.